ಹಿಟ್ಟಕ್ಕನ ಉಸಿರು

ಪಾಳಿ ಮುಗಿಸಿ ಕಾರ್ಖಾನೆಯ ಗೇಟಿನಿಂದ ಹೊರಬರುವವರಲ್ಲಿ ಯಾರು ಯಾವ ಕಡೆಯವರೆಂದು ಕಾರ್ಮಿಕರ ಓಣಿಯ ಮಕ್ಕಳೂ ಹೇಳುತ್ತಿದ್ದರು. ಹಸಿ ಕಡೆಯವರ ರಬ್ಬರ್ ಬೂಟುಗಳಲ್ಲಿ ನೀರು ಪಚಪಚ ಎನ್ನುತ್ತಿತ್ತು. ಒಣ ಕಡೆಯವರ ಹುಬ್ಬಿನಲ್ಲಿ, ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಕೆನೆಬಣ್ಣದ ಹಿಟ್ಟು ಕೂತಿರುತ್ತಿತ್ತು. ಒಣ ಕಡೆಯಲ್ಲಿ ಎಲ್ಲರಿಗಿಂತ ಹಳಬಳಾಗಿದ್ದವಳನ್ನು ಹಿಟ್ಟಕ್ಕ ಎಂದು ಕರೆಯುತ್ತಿದ್ದರು. ಗಂಡನೂ ಹಾಗೇ ಕರೆಯುತ್ತಿದ್ದ. ಜಗಳವಾದಾಗ ಮಾತ್ರ ಅವನ ಬಾಯಲ್ಲಿ ಅವಳ ನಿಜವಾದ ಹೆಸರು ಬರುತ್ತಿತ್ತು.

ಆ ಹಿಟ್ಟು ಯಾವ ಗಿರಣಿಯದ್ದೂ ಅಲ್ಲ. ಹಸಿ ಕಡೆಯಲ್ಲಿ ಮನೆಯಷ್ಟು ಎತ್ತರದ ಸ್ಟೀಲ್ ಟ್ಯಾಂಕುಗಳಿವೆ. ಅವುಗಳಲ್ಲಿ ಸಕ್ಕರೆ ನೀರು, ಒಂದಿಷ್ಟು ಅಮೋನಿಯಾ, ಕೆಲವು ಲವಣಗಳು. ಅದರೊಳಗೆ ಕಣ್ಣಿಗೆ ಕಾಣದ ಒಂದು ಶಿಲೀಂಧ್ರವನ್ನು ಬಿಟ್ಟು, ಕೆಳಗಿನಿಂದ ಶುದ್ಧ ಗಾಳಿ ಊದುತ್ತಾರೆ. ಶಿಲೀಂಧ್ರ ಸಕ್ಕರೆ ತಿಂದು ಮೈ ಬೆಳೆಸುತ್ತದೆ, ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಇವತ್ತು ತಿಳಿಯಾಗಿದ್ದ ನೀರು ನಾಳೆಗೆ ಗಂಜಿಯಷ್ಟು ಮಂದ. ಅದನ್ನು ಬಿಸಿ ಮಾಡಿ, ಬದುಕಿರುವುದನ್ನು ಸಾಯಿಸಿ, ನೀರು ತೆಗೆದು ಒಣಗಿಸಿದರೆ ಉಳಿಯುವ ಪುಡಿಯಲ್ಲಿ ಅರ್ಧದಷ್ಟು ಬರೀ ಪ್ರೋಟೀನ್. ಬಿಸ್ಕತ್ತಿಗೆ, ಮಕ್ಕಳ ಆಹಾರಕ್ಕೆ, ಮಾಂಸದಂತೆ ಮಾಡಿದ ತುಂಡುಗಳಿಗೆ ಅದು ಹೋಗುತ್ತದೆ. ಹೊಲ ಬೇಡ, ಮೇವು ಬೇಡ, ದನದ ಕೊಟ್ಟಿಗೆ ಬೇಡ. ಮೇಲಿನ ಅಧಿಕಾರಿಗಳು ಬಂದಾಗಲೆಲ್ಲ ಇದನ್ನೇ ಹೇಳುತ್ತಿದ್ದರು. ಅವರು ಹೇಳುವ ಮೊದಲೇ ಹಿಟ್ಟಕ್ಕ ಅದನ್ನು ನಂಬಿದ್ದಳು.

ಕಾರಣವಿತ್ತು. ಇಲ್ಲಿಗೆ ಬರುವ ಮೊದಲು ಅವಳು ಕೋಳಿ ಕತ್ತರಿಸುವ ಶೆಡ್ಡಿನಲ್ಲಿ ಪುಕ್ಕ ಕೀಳುತ್ತಿದ್ದಳು. ಮದುವೆಯ ಹೊಸದರಲ್ಲಿ ಎಷ್ಟು ಸೋಪು ತಿಕ್ಕಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಗಂಡ ಮುಖ ಆಚೆ ತಿರುಗಿಸಿದರೆ ತನ್ನ ದೆಸೆಯಿಂದಲೇ ಎಂದು ಕುಗ್ಗಿಹೋಗುತ್ತಿದ್ದಳು. "ನಾನು ತಿರುಗಿದ್ದು ಸೂಜಿಗೆ ದಾರ ಪೋಣಿಸೋಕೆ, ಬೆಳಕು ಆ ಕಡೆ ಇತ್ತು," ಎಂದು ಅವನು ಈಗಲೂ ಹೇಳುತ್ತಾನೆ. ಅವನು ದರ್ಜಿ. ಮುಂದಿನ ಕೋಣೆಯ ಕಿಟಕಿಯ ಕೆಳಗೇ ಅವನ ಹೊಲಿಗೆ ಯಂತ್ರ.

"ಯಾರನ್ನೂ ಕೊಲ್ಲದೆ ಮಾಂಸದ ಶಕ್ತಿ ಕೊಡೋದು ನಮ್ಮ ಕೆಲಸ," ಎಂದು ಅವಳು ಹೊಸ ಕಾರ್ಖಾನೆಗೆ ಸೇರಿದ ದಿನಗಳಲ್ಲಿ ಹೇಳಿದ್ದಳು.

"ಆ ಶಿಲೀಂಧ್ರ? ಬೇಯಿಸಿ ಸಾಯಿಸ್ತೀರಲ್ಲ?"

"ಅದು ಕೂಗಲ್ಲವಲ್ಲ!"

ಒಣ ಕಡೆಯ ಯಂತ್ರಕ್ಕೆ ಡ್ರೈಯರ್ ಎನ್ನುತ್ತಾರೆ. ಅದೊಂದು ಗೋಪುರ. ಮೇಲಿನಿಂದ ಶಿಲೀಂಧ್ರದ ಗಂಜಿಯನ್ನು ತುಂತುರಾಗಿ ಚಿಮ್ಮುತ್ತಾರೆ, ಸುತ್ತ ಬಿಸಿಗಾಳಿ. ಹನಿ ಕೆಳಗೆ ಬೀಳುವಷ್ಟರಲ್ಲಿ ಒಣಗಿ ಪುಡಿಯಾಗಿರುತ್ತದೆ. ಬಿಸಿಗಾಳಿ ಹೊರಗೆ ಹೋಗುವಾಗ ನಯವಾದ ಪುಡಿಯನ್ನೂ ಎಳೆದೊಯ್ಯುತ್ತದಲ್ಲ, ಅದನ್ನು ತಡೆಯಲು ಆಳೆತ್ತರದ ದಪ್ಪ ಬಟ್ಟೆಯ ಫಿಲ್ಟರ್ ಚೀಲಗಳನ್ನು ಸಾಲಾಗಿ ನೇತುಹಾಕಿರುತ್ತಾರೆ. ಪುಡಿ ಕಟ್ಟಿಕೊಂಡ ಚೀಲಗಳನ್ನು ಬಡಿದು ಬಿಡಿಸುವುದು, ಸವೆದವನ್ನು ಇಳಿಸಿ ಹೊಸದು ಏರಿಸುವುದು ಹಿಟ್ಟಕ್ಕನ ಕೆಲಸ. ಜೊತೆಗೆ ಗಿಣಿ ಇರುತ್ತಿದ್ದಳು. ಹಿಟ್ಟಕ್ಕನಿಗಿಂತ ಚಿಕ್ಕವಳು, ಬಾಯಿ ಮುಚ್ಚದವಳು, ಅದಕ್ಕೇ ಆ ಹೆಸರು. ಇಬ್ಬರಿಗೂ ಮಾಸ್ಕ್ ಕೊಟ್ಟಿದ್ದರು. ಆ ಸೆಕೆಗೆ ಅದು ಬೇಗ ಒದ್ದೆಯಾಗಿ ಮೂಗಿಗೆ ಅಂಟಿಕೊಳ್ಳುತ್ತಿತ್ತು. ಎಲ್ಲರ ಮಾಸ್ಕೂ ಗದ್ದದ ಕೆಳಗೇ ಇರುತ್ತಿತ್ತು.

ಇಳಿಸಿದ ಹಳೆ ಚೀಲಗಳನ್ನು ಹಿತ್ತಲಲ್ಲಿ ಸುಡಬೇಕೆಂದು ನಿಯಮ. ಆದರೆ ಆ ಬಟ್ಟೆಯನ್ನು ಒಮ್ಮೆ ಕೈಯಲ್ಲಿ ಹಿಡಿದವರಿಗೆ ಸುಡಲು ಮನಸ್ಸು ಬರುತ್ತಿರಲಿಲ್ಲ. ಕಂಬಳಿಯಷ್ಟು ದಪ್ಪ, ಹತ್ತಿಯಷ್ಟು ಮೆತ್ತಗೆ, ಎಳೆದರೂ ಹರಿಯದು. ಸೂಪರ್‌ವೈಸರ್ ಕಂಡೂ ಕಾಣದಂತಿದ್ದ. ಅವನ ಸ್ಕೂಟರಿನ ಸೀಟಿಗೂ ಅದೇ ಬಟ್ಟೆಯ ಕವಚ. ಓಣಿಯ ಒಂದೊಂದು ಮನೆಯಲ್ಲೂ ಅದರದ್ದೇನಾದರೂ ಇತ್ತು: ಕಾಲೊರೆಸು, ತೊಟ್ಟಿಲ ಹಾಸು, ಕುರ್ಚಿಯ ಮೆತ್ತೆ. ದರ್ಜಿಯ ಮನೆಯಲ್ಲಿ ಮಾತ್ರ ಅದು ಕಸುಬಿನ ಅಂದದಲ್ಲಿತ್ತು. ಅವನು ಚೀಲಗಳನ್ನು ಸೋಪಿನ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಅಂಚು ಕತ್ತರಿಸಿ ಇಡೀ ಹಾಸಿಗೆ, ಎರಡು ದಿಂಬು, ತಾಯಿಗೆ ಬೆನ್ನಿಗೊಂದು ಮೆತ್ತೆ ಹೊಲಿದಿದ್ದ. ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಹುಡುಕಿದರೂ ಸಿಗದು.

ತೊಳೆದದ್ದು ಹೊರಗಿನ ಮೈ ಮಾತ್ರ. ನಯವಾದ ಪುಡಿಯನ್ನು ಹಿಡಿದು ಬಿಡದಿರುವುದಕ್ಕೆಂದೇ ಮಾಡಿದ ಬಟ್ಟೆ ಅದು. ಬಕೆಟ್ಟಿನ ನೀರು ತಿಳಿಯಾಯಿತೆಂದು ಒಳಗಿನದು ಹೋಗಿದೆ ಎಂದರ್ಥವಲ್ಲ. ಇದು ಯಾರಿಗೂ ಹೊಳೆಯಲಿಲ್ಲ. ತಿನ್ನುವ ಪದಾರ್ಥದ ಬಗ್ಗೆ ಯಾರು ತಾನೇ ಭಯ ಪಡುತ್ತಾರೆ?

ಕೆಮ್ಮು ಶುರುವಾದಾಗ ಹಿಟ್ಟಕ್ಕ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಫವಿಲ್ಲದ ಒಣ ಕೆಮ್ಮು. ಆಮೇಲೆ ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಸಣ್ಣ ಸಿಳ್ಳೆ. ಆಮೇಲೆ ಮಲಗಿದರೆ ಉಸಿರು ಸಿಗದೆ ಎದ್ದು ಕೂರುವುದು.

ಆ ಪುಡಿಯನ್ನು ತಿಂದರೆ ಹೊಟ್ಟೆ ಎಲ್ಲ ಆಹಾರದಂತೆ ಅದನ್ನೂ ಅರಗಿಸುತ್ತದೆ. ವರ್ಷಗಟ್ಟಲೆ ಉಸಿರಿನೊಂದಿಗೆ ಒಳಗೆ ಹೋದರೆ ಮಾತ್ರ ಕೆಲವರ ಮೈ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಎಲ್ಲರದ್ದೂ ಅಲ್ಲ, ಯಾರದ್ದೆಂದು ಮೊದಲೇ ಹೇಳಲೂ ಆಗದು. ಗುರುತಿಟ್ಟ ಮೇಲೆ ಗಾಳಿಯಲ್ಲಿ ಒಂದಿಷ್ಟು ಸುಳಿದರೂ ಸಾಕು, ಶ್ವಾಸನಾಳಗಳು ಮುಷ್ಟಿಯಂತೆ ಬಿಗಿದುಕೊಳ್ಳುತ್ತವೆ.

ಕಾರ್ಖಾನೆಯ ಡಾಕ್ಟರು ಹಿಟ್ಟಕ್ಕನಿಂದ ಉಸಿರಿನ ಬಲ ಅಳೆಯುವ ಒಂದು ಕೊಳವೆ ಊದಿಸಿದರು. ಮುಳ್ಳು ಅರ್ಧಕ್ಕೂ ಏರಲಿಲ್ಲ.

"ಡ್ರೈಯರ್‌ನಿಂದ ಬಂದಿರಬಹುದಾ ಸಾರ್?"

"ನೋಡೋಣಮ್ಮ. ಎರಡು ವಾರ ರಜೆ ತಗೊಳ್ಳಿ. ಕೆಲಸದಿಂದ ಬಂದ ಕಾಯಿಲೆಯಾದರೆ ಕೆಲಸ ಬಿಟ್ಟಾಗ ಕಮ್ಮಿಯಾಗಬೇಕು. ಕಮ್ಮಿಯಾದರೆ ನಾನೇ ಹೇಳಿ ಹಸಿ ಕಡೆ ಹಾಕಿಸ್ತೀನಿ."

"ಕಮ್ಮಿಯಾಗದಿದ್ದರೆ?"

"ಆಗ ಡ್ರೈಯರ್‌ದೇನೂ ತಪ್ಪಿಲ್ಲ ಅಂತಾಯ್ತು."

ಅವರ ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಇಂಥ ಕಾಯಿಲೆಯನ್ನು ಹಾಗೆಯೇ ಪತ್ತೆ ಮಾಡುತ್ತಾರೆ. ಹಿಟ್ಟಕ್ಕ ಎರಡು ವಾರ ಮನೆಯಲ್ಲಿದ್ದಳು. ಹಗಲೂ ಮಲಗಿ ವಿಶ್ರಾಂತಿ ತೆಗೆದುಕೊಂಡಳು. ವಾಪಸು ಹೋಗಿ ಊದಿದಾಗ ಮುಳ್ಳು ಮೊದಲಿಗಿಂತ ಕೆಳಗೆ ನಿಂತಿತು.

"ಇದು ನಿಮ್ಮ ಮನೆಯದ್ದೇ ಏನೋ," ಎಂದರು ಡಾಕ್ಟರು. "ಬೆಕ್ಕಿದೆಯಾ? ಗೋಡೆಗೆ ತೇವ? ಒಲೆ ಹೊಗೆ?"

ಬೆಕ್ಕು ಇತ್ತು. ಅದು ಅತ್ತೆಯ ಬೆಕ್ಕು. ಮಗನಿಗಿಂತ ಹೆಚ್ಚು ಮಾತು ಕೇಳುತ್ತದೆಂದು ಅತ್ತೆಯೇ ಹೇಳುತ್ತಿದ್ದಳು. ಅದನ್ನು ದೂರದ ಒಂದು ಗೋದಾಮಿಗೆ ಕೊಟ್ಟುಬಂದರು.

"ಕೆಮ್ಮೋದು ಸೊಸೆ, ಮನೆ ಬಿಡೋದು ಬೆಕ್ಕು," ಎಂದು ಅತ್ತೆ ಗೊಣಗಿದಳು. "ನಾಳೆ ಮುದುಕಿಯಿಂದಲೂ ಧೂಳು ಉದುರತ್ತೆ ಅಂದರೆ ನನ್ನನ್ನೂ ಗೋದಾಮಿಗೆ ಬಿಟ್ಟು ಬನ್ನಿ."

"ನಿಮ್ಮನ್ನು ಅವರು ಇಟ್ಟುಕೊಳ್ಳಲ್ಲ ಅತ್ತೆ, ಇಲಿ ಹಿಡಿಯೋಕೆ ಬರಲ್ಲವಲ್ಲ," ಎಂದು ಹಿಟ್ಟಕ್ಕ ನಗಲು ಹೋಗಿ, ಮೇಜು ಹಿಡಿದು ಕೂತಳು. ಅತ್ತೆ ಬೈಗುಳ ಬಿಟ್ಟು ಅವಳ ಬೆನ್ನು ಸವರಿದಳು.

ಗೋಡೆಯ ತೇವ ಕೆರೆದು ಬಣ್ಣ ಬಳಿಸಿದರು. ಒಲೆಯನ್ನು ಹೊರಗಿಟ್ಟರು. ಉಸಿರು ಸರಿಹೋಗಲಿಲ್ಲ. ಹಿಟ್ಟಕ್ಕ ಡ್ರೈಯರ್‌ಗೆ ಮರಳಿದಳು. ಅವಳ ದುಡಿಮೆಯಿಲ್ಲದೆ ಮನೆ ನಡೆಯುತ್ತಿರಲಿಲ್ಲ. ಮಲಗಲಾಗದ ಹೆಂಡತಿಯನ್ನು ನೋಡಲಾಗದೆ ದರ್ಜಿ ತನಗೆ ತಿಳಿದದ್ದನ್ನು ಮಾಡಿದ. ಒರಗಿ ಕೂತು ನಿದ್ದೆ ಮಾಡಲೆಂದು ಇನ್ನಷ್ಟು ಫಿಲ್ಟರ್ ಬಟ್ಟೆ ತರಿಸಿ, ಬೆನ್ನಿಗೆ, ಕತ್ತಿಗೆ, ಎರಡು ಪಕ್ಕೆಗೆ ಬೇರೆ ಬೇರೆ ಅಳತೆಯ ದಿಂಬುಗಳನ್ನು ಹೊಲಿದ. ಬಟ್ಟೆ ತಂದುಕೊಟ್ಟವಳು ಗಿಣಿ. "ಮಹಾರಾಣಿ ಸಿಂಹಾಸನಕ್ಕೆ ಸಾಮಾನು ತಂದಿದ್ದೀನಿ ಭಾವ!" ಎಂದು ಬಾಗಿಲಲ್ಲೇ ಕೂಗಿದ್ದಳು. ದಿಂಬುಗಳು ಹೆಚ್ಚಾದಂತೆ ಹಿಟ್ಟಕ್ಕನ ಉಸಿರು ಕಡಿಮೆಯಾಯಿತು.

ಒಂದು ಬೆಳಿಗ್ಗೆ ತುಟಿ ನೀಲಿಯಾಗಿತ್ತು. ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಆಮ್ಲಜನಕ, ಔಷಧಿ, ಆಸ್ಪತ್ರೆಯ ರೆಕ್ಸಿನ್ ಹಾಸಿಗೆ. ಕೆಲವೇ ದಿನಗಳಲ್ಲಿ ಅವಳು ನಡೆದು ಕಿಟಕಿಯವರೆಗೆ ಹೋದಳು, ಪಕ್ಕದ ಮಂಚದ ಹೆಂಗಸಿನೊಡನೆ ಹರಟಿದಳು. ದರ್ಜಿಗೆ ಹೋದ ಜೀವ ಬಂದಂತಾಯಿತು. ಇವಳಿಗೆ ಆಸ್ಪತ್ರೆಯ ಗಟ್ಟಿ ದಿಂಬು ಹಿಡಿಸುವುದಿಲ್ಲವೆಂದು ಅವನೇ ಯೋಚಿಸಿ, ಮನೆಯಿಂದ ಕತ್ತಿನ ದಿಂಬು ತಂದ.

"ಯಾಕೆ ತರೋಕೆ ಹೋದ್ರಿ, ಇದೇ ಸಾಕಿತ್ತು," ಎಂದಳು. ಆದರೂ ಕೆನ್ನೆ ಇಟ್ಟು ಮಲಗಿದಳು.

ಸ್ವಲ್ಪ ಹೊತ್ತಿನಲ್ಲೇ ಎದೆ ಸಿಳ್ಳೆ ಹೊಡೆಯತೊಡಗಿತು. ನರ್ಸ್ ಓಡಿಬಂದು ಮತ್ತೆ ಆಮ್ಲಜನಕ ಹಾಕಿದಳು. ಅವಳು ಹಳೆಯ ಅನುಭವಿ. ಈಚೆಗೆ ಏನು ಬದಲಾಯಿತೆಂದು ಸುತ್ತ ನೋಡಿದಳು.

"ಈ ದಿಂಬು ಎಲ್ಲಿಯದು?"

"ನಾನೇ ಹೊಲಿದದ್ದು," ಎಂದ ದರ್ಜಿ. ಅಂಥ ಹೊತ್ತಿನಲ್ಲೂ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

"ಯಾವ ಬಟ್ಟೆ?"

ಅವನು ಹೇಳಿದ. ನರ್ಸ್ ದಿಂಬನ್ನು ವರಾಂಡಕ್ಕೆ ಒಯ್ದು, ಬಿಸಿಲು ಬೀಳುವ ಕಟಕಟೆಗೆ ಬಲವಾಗಿ ಒಂದೇಟು ಬಡಿದಳು. ಬಿಸಿಲಿನಲ್ಲಿ ಕೆನೆಬಣ್ಣದ ಹೊಗೆಯೊಂದು ಎದ್ದು, ಬೀಳುವ ಆತುರವಿಲ್ಲದೆ ಅಲ್ಲೇ ನಿಂತಿತು. ದರ್ಜಿ ಅದನ್ನು ನೋಡಿದ. ಎಷ್ಟು ದಿಂಬು ಹೊಲಿದಿದ್ದೆನೆಂದು ಅವನಿಗೆ ನೆನಪಾಗಿರಬೇಕು.

ಆಸ್ಪತ್ರೆಯ ಡಾಕ್ಟರು ಇಬ್ಬರನ್ನೂ ಕೂರಿಸಿ ವಿವರಿಸಿದರು. ಕಾಯಿಲೆ ಹುಟ್ಟಿದ್ದು ಡ್ರೈಯರ್‌ನಲ್ಲಿ. ವಾಸಿಯಾಗಲು ಬಿಡದೆ ಬೆಳೆಸಿದ್ದು ಹಾಸಿಗೆ. ರಜೆಯಲ್ಲಿ ಕಡಿಮೆಯಾಗಲಿಲ್ಲ, ಏಕೆಂದರೆ ಆ ಎರಡು ವಾರ ಅವಳು ಇಪ್ಪತ್ತನಾಲ್ಕು ಗಂಟೆಯೂ ಡ್ರೈಯರ್‌ನ ಹಿಟ್ಟಿನ ಮೇಲೇ ಮಲಗಿದ್ದಳು. "ಇನ್ನು ಮುಂದೆ ಆ ಪುಡಿ ಇರುವ ಗಾಳಿ ಬೇಡವೇ ಬೇಡ," ಎಂದರು.

ಮನೆಗೆ ಬಂದು ದರ್ಜಿ ಹಾಸಿಗೆ, ದಿಂಬು, ತಾಯಿಯ ಮೆತ್ತೆ ಎಲ್ಲವನ್ನೂ ಓಣಿಯ ಆಚೆ ಒಯ್ದು ಸುಟ್ಟ. ಹಿಟ್ಟಕ್ಕನಿಗೆ ಬರೀ ಹಲಗೆಯ ಮಂಚ ಉಳಿಯಿತು. ಅವನು ಮನೆ ಮನೆಗೂ ಹೋಗಿ ನಿಮ್ಮಲ್ಲಿರುವುದನ್ನೂ ಸುಡಿ ಎಂದ. "ನಮಗೇನೂ ಆಗಿಲ್ಲವಲ್ಲ," ಎಂದರು ಕೆಲವರು. "ಜೋರಾಗಿ ಹೇಳಬೇಡಪ್ಪಾ, ಕದ್ದಿದ್ದೀವಿ ಅಂತ ನೀನೇ ಡಂಗುರ ಹೊಡೀತಿದ್ದೀಯ," ಎಂದರು ಇನ್ನು ಕೆಲವರು.

ಮ್ಯಾನೇಜರ್ ದಂಪತಿಯನ್ನು ಆಫೀಸಿಗೆ ಕರೆಸಿದ. ಮಾತು ಮೆತ್ತಗಿತ್ತು.

"ಸುಡಬೇಕಾದ ಚೀಲ ಮನೆಗೆ ಒಯ್ದರೆ ನಿಯಮದ ಪ್ರಕಾರ ಅದು ಕಳ್ಳತನ. ನಾನು ಅದನ್ನು ಎತ್ತೋದಿಲ್ಲ. ಕಾಯಿಲೆ ಮನೆಯ ಹಾಸಿಗೆಯಿಂದ ಬಂತು ಅಂತ ನಮ್ಮ ಡಾಕ್ಟರ ಮುಂದೆ ಒಂದು ಮಾತು ಹೇಳಿಬಿಡಿ. ಅಷ್ಟೇ. ಸೋಮವಾರದಿಂದಲೇ ಹಸಿ ಕಡೆ."

ಹೊರಗೆ ಬಂದ ಮೇಲೆ ದರ್ಜಿ, "ಹೇಳೇ. ಸುಳ್ಳೇನಲ್ಲ. ಹೊಲಿದವನು ನಾನೇ ತಾನೆ?" ಎಂದ.

"ಡ್ರೈಯರನ್ನೂ ನೀವೇ ಹೊಲಿದಿರಾ?"

ಹಿಟ್ಟಕ್ಕ ಬಹಳ ಹೊತ್ತು ಯೋಚಿಸಿದಳು. ಅವಳಿಗೆ ಬೇಕಿದ್ದದ್ದು ಒಂದೇ: ಉಸಿರಾಡುತ್ತ ದುಡಿಯುವ ಒಂದು ಜಾಗ. ಕಾರ್ಖಾನೆಯ ಡಾಕ್ಟರ ಮುಂದೆ ಹೋಗಿ, "ಹಾಸಿಗೆಯಿಂದ ಬಂತು ಸಾರ್," ಎಂದಳು.

ಹಸಿ ಕಡೆಯ ಮೊದಲ ದಿನ ಅವಳಿಗೆ ಬೇರೆ ಲೋಕಕ್ಕೆ ಬಂದಂತಾಯಿತು. ನೆಲವೆಲ್ಲ ಒದ್ದೆ. ಟ್ಯಾಂಕಿನ ಮೈ ಜ್ವರ ಬಂದ ಮಗುವಿನಂತೆ ಬೆಚ್ಚಗೆ. ಪಕ್ಕದಲ್ಲಿ ದಪ್ಪ ಗಾಜಿನ ಒಂದು ಕಂಡಿ. ಒಳಗೆ ಬೆಳಕು ಹಾಕಿ ನೋಡಿದರೆ ನೊರೆಯ ಕೆಳಗೆ ಶಿಲೀಂಧ್ರ ಮಗುಚುತ್ತಿತ್ತು, ಬೆಳೆಯುತ್ತಿತ್ತು. ಇಷ್ಟು ವರ್ಷ ಅವಳು ಅದನ್ನು ಸತ್ತ ಮೇಲೆ ಮಾತ್ರ ನೋಡಿದ್ದಳು. ಎದೆ ಹಗುರವಾಗಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲೂ ಹೋಗಿ ಆ ಕಂಡಿಯ ಮುಂದೆ ನಿಂತಳು.

ಆದರೆ ಬಟ್ಟೆ ಬದಲಾಯಿಸುವ ಕೋಣೆ ಎರಡೂ ಕಡೆಯವರಿಗೆ ಒಂದೇ. ಇದನ್ನು ಮ್ಯಾನೇಜರ್ ಯೋಚಿಸಿರಲಿಲ್ಲ, ಡಾಕ್ಟರೂ ಯೋಚಿಸಿರಲಿಲ್ಲ. ಪಾಳಿ ಮುಗಿದು ಅವಳು ಬೂಟು ಕಳಚುತ್ತಿದ್ದಾಗ ಒಣ ಕಡೆಯವರು ಒಳಬಂದರು. ಗಿಣಿ ಇವಳನ್ನು ಕಂಡಿದ್ದೇ, "ಅಕ್ಕಾ!" ಎಂದು ಓಡಿಬಂದು ಅಪ್ಪಿಕೊಂಡಳು. ಹಿಟ್ಟು ಮೆತ್ತಿದ ತಲೆ, ಹಿಟ್ಟು ಮೆತ್ತಿದ ತೋಳು. ಹಿಟ್ಟಕ್ಕ ಅವಳನ್ನು ತಳ್ಳಲು ನೋಡಿದಳು. ಅಳುತ್ತಿದ್ದಾಳೆಂದುಕೊಂಡು ಗಿಣಿ ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ಕೈಯೊಳಗಿನ ಮೈ ಜೋತುಬಿದ್ದಾಗಲೇ ಅವಳಿಗೆ ಅರ್ಥವಾದದ್ದು.

ಈ ಸಲ ಹಿಟ್ಟಕ್ಕ ಆಸ್ಪತ್ರೆಯಿಂದ ಬಂದಾಗ ಒಂದು ಸಲಕ್ಕೆ ನಾಲ್ಕು ಪದಕ್ಕಿಂತ ಹೆಚ್ಚು ಮಾತಾಡಲಾಗುತ್ತಿರಲಿಲ್ಲ. ಕಾರ್ಖಾನೆಯ ಗೇಟು ದಾಟುವ ಮಾತೇ ಇರಲಿಲ್ಲ. ದರ್ಜಿ ಹೆಚ್ಚಿನ ಹೊಲಿಗೆ ಹಿಡಿದ. ಅತ್ತೆ ಈ ವಯಸ್ಸಿನಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಕೂತಳು. "ಕಣ್ಣು ಕಾಣಲ್ಲ, ಆದರೂ ನನ್ನ ಗುಂಡಿ ಇವನ ಗುಂಡಿಗಿಂತ ನೆಟ್ಟಗೆ," ಎಂದು ಹಿಟ್ಟಕ್ಕನಿಗೆ ಕೇಳುವಂತೆ ಹೇಳುತ್ತಿದ್ದಳು. ಹಿಟ್ಟಕ್ಕನನ್ನು ನೋಡಲು ಬಂದ ಗೆಳತಿಯರು ಓಣಿಯ ಎದುರು ಪಕ್ಕದಲ್ಲಿ ನಿಂತು ಕೂಗಿ ಮಾತಾಡಬೇಕಿತ್ತು. ಅವರ ಕೂದಲಲ್ಲಿ, ಬಟ್ಟೆಯಲ್ಲಿ ಹಿಟ್ಟು ಇರುತ್ತಿತ್ತಲ್ಲ. ಅವರು ಕೂಗುವುದು, ಇವಳು ಕಿಟಕಿಯಲ್ಲಿ ಕೈಯಾಡಿಸಿ ಉತ್ತರ ಕೊಡುವುದು. ದಿನ ಕಳೆದಂತೆ ಬರುವವರು ಕಡಿಮೆಯಾದರು. ಗಿಣಿ ಮಾತ್ರ ತಪ್ಪಿಸಲಿಲ್ಲ.

ಒಂದು ಸಂಜೆ ಗಿಣಿ ಎದುರು ಪಕ್ಕದಿಂದ ಕೂಗಿದಳು: "ಅಕ್ಕಾ, ನಂಗೂ ಕೆಮ್ಮು ಹಿಡೀತು! ಡಾಕ್ಟರ ಹತ್ರ ಹೋಗಿದ್ದೆ. ನಿಮ್ಮ ಮನೇಲೂ ಆ ಚೀಲದ ದಿಂಬು ಇದೆಯಾ ಅಂತ ಕೇಳಿದರು. ಇದೆ ಸಾರ್, ಒಂದಿದೆ ಅಂದೆ. ನೋಡು, ಅದರಿಂದಲೇ ಅಂದುಬಿಟ್ಟರು!"

ಹಿಟ್ಟಕ್ಕ ಎದ್ದು ಕಿಟಕಿಯ ಸರಳು ಹಿಡಿದಳು.

"ಈಗ ಯಾರು ಕೆಮ್ಮಿದರೂ ಅದೇ ಪ್ರಶ್ನೆಯಂತೆ ಅಕ್ಕ. ಎಲ್ಲರ ಮನೇಲೂ ಒಂದಲ್ಲ ಒಂದು ಇದೆಯಲ್ಲ. ದಿಂಬು ಸುಟ್ಟು ಕೆಲಸಕ್ಕೆ ಬಾ ಅಂತ ಕಳಿಸ್ತಾರೆ. ಸುಟ್ಟೆ. ಕೆಮ್ಮು ಹೋಗಿಲ್ಲ."

ಗಿಣಿ ಹೋದ ಮೇಲೆ ಹಿಟ್ಟಕ್ಕ ಗಂಡನಿಗೆ ಹೇಳಿದಳು: "ನಾನು ಹೇಳಿದ್ದು... ಅರ್ಧ. ಆ ಅರ್ಧದಿಂದ... ಎಲ್ಲರಿಗೂ..."

"ಎಲ್ಲರಿಗೂ ಬಾಗಿಲು ಮುಚ್ಚಿತು ಅಂತೀಯಾ?" ಅವಳ ಮಾತನ್ನು ಅವನೇ ಮುಗಿಸುವುದು ಈಚೆಗೆ ರೂಢಿಯಾಗಿತ್ತು. "ಈಗೇನು ಮಾಡೋಕಾಗತ್ತೆ?"

"ಇನ್ನರ್ಧ ಹೇಳಬೇಕು."

ಗೇಟಿನ ಹತ್ತಿರ ಹೋಗಬೇಕಾದರೆ, ಹಿಟ್ಟು ಅವಳ ಮುಖಕ್ಕೆ ಬಾರದಂತೆ ಗಾಳಿ ಕಾರ್ಖಾನೆಯ ಕಡೆಗೆ ಬೀಸಬೇಕು. ಅಂಥ ದಿನ ನೋಡಿಕೊಂಡು ದರ್ಜಿ ಅವಳನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದ. ಡಾಕ್ಟರ ಕಾರು ಹೊರಬರುವ ತಿರುವಿನಲ್ಲಿ ನಿಂತರು. ಕಾರು ಬಂತು. ದರ್ಜಿ ಅಡ್ಡ ನಿಂತ. ಡಾಕ್ಟರು ಗಾಜು ಇಳಿಸಿ, "ಏನಮ್ಮಾ, ಇಲ್ಲಿ ಯಾಕೆ ಬಂದ್ರಿ? ನಿಮಗೆ ಆಗಲ್ಲ," ಎಂದರು.

"ಹಾಸಿಗೆ ಅಂದೆ ಸಾರ್." ಅವಳು ನಿಂತು ಉಸಿರೆಳೆದಳು. ಗಂಡನ ತುಟಿ ಅಲುಗಿತು, ಅವಳು ಕೈಯೆತ್ತಿದಳು, ಅವನು ಸುಮ್ಮನಾದ. "ಹಾಸಿಗೆಗೆ ಹಿಟ್ಟು ಬಂದದ್ದು... ಎಲ್ಲಿಂದ ಸಾರ್?... ಮೊದಲು ಕೆಮ್ಮಿದ್ದು... ಡ್ರೈಯರ್ ಹತ್ತಿರ. ಗಿಣಿಯನ್ನ... ಅಲ್ಲಿಂದ ತೆಗೀರಿ."

ಅಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಹಿಂದೆ ನಿಂತ ಲಾರಿಯವನು ಹಾರ್ನ್ ಹೊಡೆದ. ಡಾಕ್ಟರು ಎಂಜಿನ್ ನಿಲ್ಲಿಸಿ ಪೂರ್ತಿ ಕೇಳಿದರು. "ನೀವೇ ಆಗ ಹೇಳಿದ್ದು ಬೇರೆ ಇತ್ತಲ್ಲಮ್ಮಾ," ಎಂದರು. ಸಿಟ್ಟಿರಲಿಲ್ಲ, ಸುಸ್ತಿತ್ತು. ಆಮೇಲೆ, "ಮ್ಯಾನೇಜರ್ ಹತ್ರ ಮಾತಾಡ್ತೀನಿ," ಎಂದರು.

ಅವರು ಮಾತಾಡಿರಬೇಕು. ಮುಂದಿನ ವಾರ ಗಿಣಿ ಎದುರು ಪಕ್ಕದಲ್ಲಿ ಬಂದು ನಿಂತು ಎರಡೂ ಕೈ ಮೇಲೆತ್ತಿದಳು.

"ಅಕ್ಕಾ! ಡ್ರೈಯರ್‌ನಿಂದ ಬಿಡಿಸಿದರು! ನಿನ್ನಿಂದಲೇ!"

"ಎಲ್ಲಿಗೆ?" ಹಿಟ್ಟಕ್ಕನಿಗೆ ಅಷ್ಟೇ ಸಾಧ್ಯವಾಯಿತು. ಅದು ಓಣಿ ದಾಟಲಿಲ್ಲ. ದರ್ಜಿ ಕಿಟಕಿಯಿಂದ ಕೂಗಿದ: "ಎಲ್ಲಿಗೆ ಹಾಕಿದರೇ ಅಂತ ಕೇಳ್ತಿದ್ದಾಳೆ!"

"ಚೀಲ ತುಂಬೋ ಕೋಣೆಗೆ ಭಾವ!"

ಆ ಕೋಣೆಯಲ್ಲಿ ಒಣಗಿದ ಹಿಟ್ಟು ಮೇಲಿನ ಕೊಳವೆಯಿಂದ ಚೀಲಗಳೊಳಗೆ ಬೀಳುತ್ತದೆ, ಬಿದ್ದಷ್ಟು ಹೊತ್ತೂ ಏಳುತ್ತದೆ. ದರ್ಜಿಗೂ ಅದು ಗೊತ್ತಿತ್ತು. ಅವನು ಹೊಲಿಗೆ ಯಂತ್ರದ ಮೇಲೆ ಕೈ ಊರಿ ನಿಂತ.

"ಅಲ್ಲೂ ಅದೇ ಹಿಟ್ಟಲ್ಲವೇನೇ?"

"ಕಿಟಕಿ ದೊಡ್ಡದಿದೆ ಭಾವ ಅಲ್ಲಿ! ಬರ್ತೀನಿ, ಒಲೆ ಮೇಲೆ ಅನ್ನ ಇಟ್ಟು ಬಂದಿದ್ದೀನಿ!" ಎಂದು ಗಿಣಿ ಕೈಬೀಸಿ ಹೊರಟುಹೋದಳು.

ಹಿಟ್ಟಕ್ಕ ಹಲಗೆಯ ಮಂಚದ ಅಂಚು ಹಿಡಿದು ನಿಧಾನಕ್ಕೆ ಎದ್ದಳು. ಗೂಟದ ಮೇಲಿದ್ದ ಶಾಲು ತೆಗೆದುಕೊಂಡಳು.

"ಮತ್ತೆ ಗೇಟಿಗಾ?" ಎಂದ ಗಂಡ.

ಹೂಂ ಎಂದು ತಲೆಯಾಡಿಸಿದಳು.

ಅವನು ಹೊರಗೆ ಹೋಗಿ, ಹೊಲಿಗೆಯ ಒಂದು ದಾರದ ತುಂಡನ್ನು ಎತ್ತಿ ಹಿಡಿದು ನೋಡಿದ. ದಾರ ಮನೆಯ ಕಡೆಗೇ ಹಾರುತ್ತಿತ್ತು.

"ಇವತ್ತು ಗಾಳಿ ನಮ್ಮ ಕಡೆಗಿದೆ," ಎಂದು ಒಳಗೆ ಬಂದು ಬಾಗಿಲು ಹಾಕಿದ. ಆಮೇಲೆ ಕಿಟಕಿಯನ್ನೂ ಮುಚ್ಚಿದ.